ಈವಾ ಎಂದು ಕರೆದವರು

ಕಳೆದ ಭಾನುವಾರ ತಂಗಿಯ ಮಗಳ ಕೂಸಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನವಾಯಿತು. ಕೂಸನ್ನು ಮಡಿಲಿಗೆ ತೆಗೆದುಕೊಂಡಾಗ ನೆತ್ತಿಯಿಂದ ಪವಿತ್ರ ತೈಲದ ಪರಿಮಳ ಬಂತು. ನನ್ನ ಮಗಳ ನೆತ್ತಿಗೆ ಈ ಎಣ್ಣೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ಒಂದಿಷ್ಟು ನೀರು… ಅದನ್ನು ಹಾಕಿದವರು ಪಕ್ಕದ ಮನೆಯ ನರ್ಸ್ ಬಾಯಿ.

ಅತ್ತಾವರದ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವರ ಕೆಲಸ. ನನಗೆ ಏಳನೇ ತಿಂಗಳಿಗೇ ಅಲ್ಲಿ ಹೆರಿಗೆಯಾಯಿತು. ಗಂಡ ಆಗ ಬಹರೈನಿನಲ್ಲಿದ್ದರು. ಮಗು ಉಳಿಯುವ ಹಾಗೆ ಕಾಣಲಿಲ್ಲ. ಪಾದ್ರಿಗಳು ಬರುವ ತನಕ ಕಾಯಲಾಗದಿದ್ದರೆ ನಮ್ಮಲ್ಲಿ ಯಾರಾದರೂ ನೀರು ಹಾಕಿ ಹೆಸರಿಡಬಹುದು. ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ಪದ್ಧತಿ. ನರ್ಸ್ ಬಾಯಿ ಅತ್ತೆಯ ಮುಖ ನೋಡಿದರು.

“ನನ್ನದು ಬೇಡ,” ಎಂದರು ಅತ್ತೆ. “ಅದು ಮುಂದಿನದಕ್ಕೆ ಇರಲಿ.”

ಮುಂದಿನದು ನಮಗೆ ಆಗಲೇ ಇಲ್ಲ.

ನರ್ಸ್ ಬಾಯಿ ಔಷಧದ ಫಿಲ್ಲರಿನಿಂದ ನೆತ್ತಿಗೆ ನೀರು ಬಿಟ್ಟು “ಈವಾ” ಎಂದರು. ಮತ್ತೆ ನನ್ನ ಕಡೆ ಬಗ್ಗಿ, “ಈವಾ ಅಂದ್ರೆ ಜೀವ, ಗೊತ್ತುಂಟಾ? ಹೀಬ್ರೂ ಹೆಸರು. ನಮ್ಮ ಆಯಾ ಹವ್ವಮ್ಮ ಇಲ್ವಾ, ಮುಸ್ಲಿಮರ ಹವ್ವಾ, ನಮ್ಮ ಈವಾ, ಎರಡೂ ಒಂದೇ. ಎಂತ ಗಟ್ಟಿ ಮುದುಕಿ ಮಾರಾಯ್ತಿ, ನಮ್ಮನ್ನೆಲ್ಲ ಕಳಿಸಿಯೇ ಹೋಗುವುದು ಅದು!” ಎಂದರು. ನಗಿಸಲು ಹೇಳಿದ್ದು.

ಸಂಜೆಯೊಳಗೆ ಮಗು ಹೋಯಿತು.

ಆ ಅರ್ಥದ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಜೀವವಂತೆ… ಮನೆಯಲ್ಲಿ ಅವಳು ‘ಆ ಮಗು’ ಆದಳು, ಆಮೇಲೆ ‘ಆಗ ಆದದ್ದು’ ಆದಳು, ಆಮೇಲೆ ಮಾತಿನಿಂದಲೇ ಹೋದಳು. ನರ್ಸ್ ಬಾಯಿ ಮಾತ್ರ ಬಟ್ಟೆ ಒಣಗಿಸುತ್ತಾ ಕಂಪೌಂಡಿನಾಚೆಯಿಂದ ಕೇಳುತ್ತಿದ್ದರು: “ಈವಾ ಇದ್ದಿದ್ರೆ ಈಗ ಎರಡನೇ ಕ್ಲಾಸು ಅಲ್ವಾ? ನಿನ್ನ ಹಾಗೇ ಲೆಕ್ಕದಲ್ಲಿ ಸೊನ್ನೆ ಇರ್ತಿತ್ತು!” ನಾನು ಕ್ಲಿಪ್ಪು ಹುಡುಕುವವಳಂತೆ ಅಲ್ಲೇ ನಿಲ್ಲುತ್ತಿದ್ದೆ. ಇನ್ನೊಮ್ಮೆ ಆ ಹೆಸರು ಹೇಳಲಿ ಎಂದು.

ಕಳೆದ ಮಳೆಗಾಲದಲ್ಲಿ ಅವರೂ ತೀರಿಕೊಂಡರು.

ಭಾನುವಾರದ ಆ ಕೂಸಿಗೆ ಇಟ್ಟದ್ದೂ ಇದೇ ಹೆಸರು. ನೆಟ್ಟಿನಲ್ಲಿ ಹುಡುಕಿದ್ದಂತೆ. ಊಟದ ಹೊತ್ತಿಗೆ ತಂಗಿಯ ಮಗಳು ಕೇಳಿದಳು, “ಈವಾ, ಚಂದ ಉಂಟಲ್ವಾ ಆಂಟಿ? ನಮ್ಮ ಪೈಕಿ ಯಾರಿಗಾದ್ರೂ ಉಂಟಾ ಈ ಹೆಸರು?”

ನಾನು ಉತ್ತರಿಸುವ ಮೊದಲೇ ನನ್ನ ಗಂಡ ಹೇಳಿದರು, “ಇಲ್ಲ ಮಗಾ, ಯಾರಿಗೂ ಇಲ್ಲ. ಹೊಸ ಹೆಸರು.”

ಬೇಕೆಂದು ಹೇಳಿದ್ದಲ್ಲ. ಅವರಿಗೆ ನೆನಪೇ ಇರಲಿಲ್ಲ. ಸಾನ್ನದ ತಟ್ಟೆ ನನ್ನ ಕಡೆ ಸರಿಸಿ, ತಿನ್ನು ಎಂದರು. ‘ಉಂಟು’ ಎಂದು ನನ್ನ ಜೊತೆ ಹೇಳುವವರು ಈಗ ಯಾರೂ ಇಲ್ಲ.