ನಲವತ್ತೆರಡು ಮೆಟ್ಟಿಲು, ಒಂದು ಚೀಟಿ

ನೀರು ಸರಬರಾಜು ಕಚೇರಿಯಲ್ಲಿ ಅವಳ ನಿಜವಾದ ಹೆಸರು ಉಳಿದಿದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಮಿಕ್ಕವರಿಗೆಲ್ಲ ಅವಳು ಚೀಟಿಯಮ್ಮ. ದಿನಾ ಬೆಳಿಗ್ಗೆ ಹತ್ತೂವರೆಗೆ ಎರಡನೇ ಮಹಡಿಯಿಂದ ನಲವತ್ತೆರಡು ಮೆಟ್ಟಿಲಿಳಿದು, ಕೈಯಲ್ಲೊಂದು ಚೀಟಿ ಹಿಡಿದು, ಕಂಟ್ರೋಲ್ ರೂಮಿಗೆ ಬರುತ್ತಿದ್ದಳು. ಐವತ್ತೊಂದರ ಮಂಡಿ ಇಳಿಯುವಾಗ ಒಂದು ಮಾತು, ಹತ್ತುವಾಗ ಹತ್ತು ಮಾತು ಆಡುತ್ತಿತ್ತು.

ಚೀಟಿಯಲ್ಲಿ ಇರುತ್ತಿದ್ದುದು ಸೋರಿಕೆಯ ಲೆಕ್ಕ. ನೆಲದಡಿಯ ಪೈಪುಗಳಿಗೆ ಮುನ್ನೂರ ಹನ್ನೆರಡು ಮೀಟರುಗಳಿದ್ದವು. ಊರೆಲ್ಲ ಮಲಗಿರುವಾಗ ಯಾವ ಬೀದಿಯಲ್ಲಿ ನೀರು ಸುಮ್ಮನೆ ಹರಿಯಿತು ಎಂದು ನೋಡಿ, ಹಿಂದಿನ ವರ್ಷಗಳ ಅಂಕಿಗಳೊಂದಿಗೆ ತಾಳೆ ಹಾಕಿ, ಎಲ್ಲಿ ಸೋರುತ್ತಿರಬಹುದು ಎಂದು ಹೇಳುವ ಕಂಪ್ಯೂಟರ್ ಕೋಡನ್ನು ಅವಳೇ ಬರೆದಿದ್ದಳು. ಮೀಟರ್ ಓದುವ ಗುಮಾಸ್ತೆಯಾಗಿ ಸೇರಿ, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಹನ್ನೊಂದು ವರ್ಷ ತಿದ್ದಿ ತೀಡಿ ಸಾಕಿದ ಕೋಡು ಅದು. ಹೇಳಿದ್ದು ಹತ್ತರಲ್ಲಿ ಎಂಟು ಸಲ ನಿಜವಾಗುತ್ತಿತ್ತು.

ಚೀಟಿ ಸೇರುತ್ತಿದ್ದುದು ಬಣ್ಣದಯ್ಯನ ಕೈಗೆ. ಗೋಡೆ ತುಂಬುವ ಪರದೆಯ ಮೇಲೆ ಊರಿನ ನಕ್ಷೆ ತೋರಿಸುವ ಡ್ಯಾಶ್‌ಬೋರ್ಡ್ ಅವನ ಕೂಸು. ಕೆರೆಗೆ ಯಾವ ನೀಲಿ ಹಾಕಬೇಕೆಂದು ಎರಡು ದಿನ ಊಟ ಮರೆತು ಕೂತವನು; ಹೆಸರು ಸುಮ್ಮನೆ ಬರಲಿಲ್ಲ. ಅವನು ಚೀಟಿಯ ಅಂಕಿಗಳನ್ನು ಒಂದೊಂದಾಗಿ ಟೈಪ್ ಹೊಡೆದು ಮುಗಿಸಿದರೆ ಸೋರುವ ಬೀದಿಗಳು ಕೆಂಪಾಗುತ್ತಿದ್ದವು. ಆದರೆ ರಿಪೇರಿ ತಂಡ ಹೊರಡುತ್ತಿದ್ದುದು ಬೆಳಿಗ್ಗೆ ಏಳಕ್ಕೆ. ಹನ್ನೊಂದಕ್ಕೆ ಕೆಂಪಾದ ನಕ್ಷೆಯನ್ನು ನೋಡಲು ಅಲ್ಲಿ ನೊಣವೂ ಇರುತ್ತಿರಲಿಲ್ಲ.

"ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ," ಎನ್ನುತ್ತಿದ್ದ ತಂಡದ ಮೇಸ್ತ್ರಿ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಉರಿಯುತ್ತಿದ್ದುದು.

ಒಂದು ದಿನ ಮುಖ್ಯ ಎಂಜಿನಿಯರ್ ಕರೆಸಿದರು. "ಸೋರಿಕೆ ನಕ್ಷೆ ಯಾರೂ ನೋಡ್ತಿಲ್ಲ. ಪರದೆಯಿಂದ ತೆಗೆಸ್ತೀನಿ. ನೀವು ಬಿಲ್ ವಿಭಾಗಕ್ಕೆ ಹೋಗಿ, ಅಲ್ಲಿ ಜನ ಸಾಲ್ತಿಲ್ಲ."

ಹನ್ನೊಂದು ವರ್ಷ ಒಂದು ಮಾತಿಗೆ ಅಳಿಸಿಹೋಗುತ್ತಿತ್ತು. "ಎರಡು ವಾರ ಕೊಡಿ ಸಾರ್. ತಂಡ ಹೊರಡೋಕೆ ಮುಂಚೆ ನಕ್ಷೆ ತಯಾರಿರುತ್ತೆ," ಎಂದುಬಿಟ್ಟಳು. ಹೇಗೆ ಎಂದು ಅವರು ಕೇಳಲಿಲ್ಲ, ಅವಳ ಪುಣ್ಯ.

ಮನೆಯಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಎಪ್ಪತ್ತೆಂಟು ವರ್ಷ, ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮಗಳು ಕಷ್ಟ ತೋಡಿಕೊಂಡಳು: ಕೋಡಿಗೆ ಬೇಕಾಗುವುದು ನಾಲ್ಕೇ ನಿಮಿಷ, ಉಳಿದದ್ದೆಲ್ಲ ತಾನು ಬಸ್ಸು ಹಿಡಿದು ಬಂದು, ಮೆಟ್ಟಿಲಿಳಿದು, ಬಣ್ಣದಯ್ಯ ಅಂಕಿ ಹೊಡೆಯುವ ಹೊತ್ತು.

"ಮಧ್ಯೆ ನೀನ್ಯಾಕೆ ಓಡಾಡ್ತೀಯೇ?" ಎಂದಳು ಅಮ್ಮ. "ಈ ಕಡೆಯವರು ಕೇಳ್ತಾರೆ, ಆ ಕಡೆಯವರು ಉತ್ತರ ಕೊಡ್ತಾರೆ. ನಾವು ಲೈನ್ ಜೋಡಿಸಿ ಸುಮ್ಮನಾಗ್ತಿದ್ವಿ. ಚೀಟಿ ಹಿಡ್ಕೊಂಡು ಓಡಿದ್ರೆ ಊರಲ್ಲಿ ಒಂದು ಫೋನೂ ಆಗ್ತಿರಲಿಲ್ಲ."

ದಾರಿ ಅದೇ ಎಂದು ಅವಳಿಗೂ ಗೊತ್ತಿತ್ತು; ಧೈರ್ಯ ಸಾಲದೆ ವರ್ಷಗಟ್ಟಲೆ ಮುಂದೂಡಿದ್ದಳು, ಅಷ್ಟೆ. ಮರುದಿನವೇ ಸೆರಗು ಸಿಕ್ಕಿಸಿ ಕೂತಳು. ಕೋಡನ್ನು ತನ್ನ ಮೇಜಿನ ಕಂಪ್ಯೂಟರಿನಿಂದ ಎತ್ತಿ, ಹಗಲೂ ರಾತ್ರಿ ಓಡುತ್ತಲೇ ಇರುವ ಸರ್ವರ್ ಕಂಪ್ಯೂಟರಿನಲ್ಲಿ ಕೂರಿಸಿದಳು. ಅದಕ್ಕೊಂದು ವೆಬ್ ವಿಳಾಸ ಕೊಟ್ಟಳು. ಡ್ಯಾಶ್‌ಬೋರ್ಡ್ ತಾನಾಗಿ ಆ ವಿಳಾಸಕ್ಕೆ ಹೋಗಿ ಯಾವ ಬೀದಿಯಲ್ಲಿ ಎಷ್ಟು ಎಂದು ಕೇಳಬೇಕು, ಕೋಡು ಲೆಕ್ಕ ಮಾಡಿ ಉತ್ತರ ಕಳಿಸಬೇಕು. ಇಂಥ ಕೇಳಿ ಹೇಳುವ ಬಾಗಿಲಿಗೆ ಎಪಿಐ ಎನ್ನುತ್ತಾರೆ. ಬಾಗಿಲು ಐದು ದಿನ ಕಿರುಗುಟ್ಟಿತು, ಆರನೇ ದಿನ ತೆರೆಯಿತು. ಬಣ್ಣದಯ್ಯ ಅಂಕಿ ಹೊಡೆಯುವುದು ತಪ್ಪಿತೆಂದು ಲಟಿಕೆ ಮುರಿದುಕೊಂಡು ನಕ್ಕ.

ಎರಡನೇ ವಾರದ ಸೋಮವಾರ ಆರೂವರೆಗೆ ನಕ್ಷೆ ತಾನಾಗಿ ಬಣ್ಣ ತುಂಬಿಕೊಂಡಿತು. ಒಂದು ಓಣಿಯಂತೂ ಕೆಂಡದಂತೆ ಕೆಂಪು. ಲೆಕ್ಕ ಒಂಬೈನೂರ ತೊಂಬತ್ತೊಂಬತ್ತು. ಮೇಸ್ತ್ರಿ ಎದ್ದುಬಿದ್ದು ಆರು ಜನರನ್ನು ಕರೆದುಕೊಂಡು ಓಡಿದ. ಮಧ್ಯಾಹ್ನ ಮೈಯೆಲ್ಲ ಧೂಳು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ," ಎಂದ. "ನಮಗೆ ಇಲೀನೂ ಸಿಗಲಿಲ್ಲ ಅಮ್ಮಾ."

ಅಂಕಿ ನೋಡಿದ ಕೂಡಲೇ ತಪ್ಪು ಯಾರದೆಂದು ಅವಳಿಗೆ ತಿಳಿಯಿತು. ಮೀಟರಿನಿಂದ ಏನೂ ಬಾರದಿದ್ದರೆ ಆ ಜಾಗದಲ್ಲಿ 999 ಎಂದು ಬರೆಯುವುದು ಅವಳ ಹಳೆಯ ರೂಢಿ. ಚೀಟಿಯಲ್ಲಿ ಅದನ್ನು ಕಂಡರೆ ಬಣ್ಣದಯ್ಯ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತಿದ್ದ. ಇಬ್ಬರ ನಡುವಿನ ಈ ಗುಟ್ಟನ್ನು ಡ್ಯಾಶ್‌ಬೋರ್ಡಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ನೆಲ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

"ಸೊನ್ನೆ ಹಾಕಿಬಿಡಿ ಮೇಡಂ," ಎಂದ ಬಣ್ಣದಯ್ಯ. "ಹಸಿರು ಬರುತ್ತೆ, ನೋಡೋಕೂ ಚಂದ."

ಆ ಸಂಜೆ ಅವಳು ಅಮ್ಮನನ್ನು ಕೇಳಿದಳು, "ಆ ಕಡೆ ಯಾರೂ ಎತ್ತದಿದ್ರೆ ಏನು ಹೇಳ್ತಿದ್ದೆ?"

"ಏನು ಹೇಳೋದು, ಯಾರೂ ಎತ್ತುತ್ತಿಲ್ಲ ಅಂತ. ಇನ್ಯಾರಿಗೋ ಜೋಡಿಸೋಕಾಗುತ್ತಾ?"

ಮರುದಿನ ಅವಳು ಬಣ್ಣದಯ್ಯನಿಗೆ ಕಡ್ಡಿ ಮುರಿದಂತೆ ಹೇಳಿದಳು: "ಸೊನ್ನೆ ಅಂದ್ರೆ ಸೋರ್ತಿಲ್ಲ ಅಂತ. ಮೀಟರಿಂದ ಏನೂ ಬರದಿದ್ರೆ ನಮಗೆ ಗೊತ್ತಿಲ್ಲ ಅಂತ. ಚಂದಕ್ಕೋಸ್ಕರ ಸುಳ್ಳು ಹೇಳೋಕಾಗಲ್ಲ." ಕೋಡಿನಿಂದ 999 ಕಿತ್ತುಹಾಕಿ, 'ಉತ್ತರವಿಲ್ಲ' ಎಂಬ ಬೇರೆಯದೇ ಗುರುತು ಕಳಿಸುವಂತೆ ಮಾಡಿದಳು. ಬಣ್ಣದಯ್ಯ ಹದಿನಾಲ್ಕು ಬಣ್ಣ ಹಚ್ಚಿ ನೋಡಿ, ಕೊನೆಗೆ ಬೂದು ಬಣ್ಣಕ್ಕೆ ಮನಸ್ಸು ಕೊಟ್ಟ.

ಗಡುವಿನ ಕೊನೆಯ ದಿನ, ಶುಕ್ರವಾರ. ಆರೂವರೆಗೆ ಎಂಜಿನಿಯರ್ ಕೈಕಟ್ಟಿ ನಿಂತಿದ್ದರು. ನಕ್ಷೆ ಬಣ್ಣ ತುಂಬಿಕೊಂಡಿತು. ಬಸ್ಸಿನ ರಸ್ತೆಯುದ್ದಕ್ಕೂ ಸಾಲಾಗಿ ಮೂರು ಮೀಟರು ಬೂದು. ಅವುಗಳಿಗಿಂತ ಮೇಲೆ, ನೀರು ಹರಿದು ಬರುವ ಕಡೆಯ ಒಂದು ಕೆಂಪು.

"ಈಗ ಬೂದಿ ಅಗೀಬೇಕಾ?" ಎಂದ ಮೇಸ್ತ್ರಿ.

ಅವಳು ಪರದೆಯ ಬೂದು ಸಾಲಿನ ಮೇಲೆ ಬೆರಳಿಟ್ಟಳು. "ಒಂದು ಮೀಟರ್ ಕೆಡಬಹುದು. ಪಕ್ಕಪಕ್ಕದ ಮೂರು ಒಂದೇ ರಾತ್ರಿ ಬಾಯಿ ಮುಚ್ಚಿದ್ರೆ ಅವುಗಳನ್ನಿಟ್ಟ ಗುಂಡಿಯೊಳಗೆ ನೀರು ತುಂಬಿದೆ ಅಂತ. ಮೇಲಿನ ಮೀಟರಿನಲ್ಲಿ ನೀರು ಜಾಸ್ತಿ ಹೋಗ್ತಿದೆ, ಅದು ಕೆಳಗೆ ಎಲ್ಲೋ ಸುರೀತಿದೆ. ಮಧ್ಯದ ಮೀಟರಿನ ಹತ್ತಿರ ಹಾರೆ ಹಾಕಿ."

"ನಿಮ್ಮ ಮಾತಿಗೆ ಅಗೆಯೋದು ಇದೇ ಕೊನೆ," ಎಂದು ಮೇಸ್ತ್ರಿ ಹೊರಟ.

ಏಳು ಐವತ್ತಕ್ಕೆ ಫೋನು ಬಂತು. ಎಂಜಿನಿಯರ್ ಎಲ್ಲರಿಗೂ ಕೇಳುವಂತೆ ಹಿಡಿದರು. "ಮೂರನೇ ಏಟಿಗೆ ಹಾರೆ ಕೈಯಿಂದ ಜಾರಿ ಒಳಗೇ ಹೋಯ್ತು ಸಾರ್," ಎಂದಿತು ಮೇಸ್ತ್ರಿಯ ದನಿ. "ರಸ್ತೆ ಕೆಳಗೆ ಮಣ್ಣೇ ಇಲ್ಲ, ಬರೀ ನೀರು. ಬಸ್ಸು ಬರೋದ್ರೊಳಗೆ ಅಡ್ಡ ಕಟ್ಟಿದ್ದೀವಿ." ಆಮೇಲೆ, "ಚೀಟಿಯಮ್ಮ ಅಲ್ಲೇ ಇದ್ದಾರಾ? ನಾನು ತಲೆ ಬಾಗಿದೆ ಅಂತ ಹೇಳಿ."

ಬಣ್ಣದಯ್ಯ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದ. ಎಂಜಿನಿಯರ್ ಬಿಲ್ ವಿಭಾಗದ ಮಾತೆತ್ತಲಿಲ್ಲ. ಇಂಥದೇ ಬಾಗಿಲು ಪಂಪ್‌ಹೌಸಿಗೂ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅವಳಿಗೆ ಅಳು, ನಗು ಒಟ್ಟಿಗೆ ಬಂದವು. ಎರಡನ್ನೂ ತಡೆಯಲಿಲ್ಲ.

ಸೋಮವಾರ ಹತ್ತೂವರೆಗೆ ಕಾಲುಗಳು ರೂಢಿಯಂತೆ ಅವಳನ್ನು ಮೆಟ್ಟಿಲಿಳಿಸಿದವು. ಕೈ ಖಾಲಿ. ಕಂಟ್ರೋಲ್ ರೂಮಿನಲ್ಲಿ ನಕ್ಷೆಯ ನಾಲ್ಕು ಕೆಂಪು ಬೀದಿಗಳಲ್ಲಿ ಎರಡು ಆಗಲೇ ರಿಪೇರಿಯಾಗಿ ಹಸಿರಾಗಿದ್ದವು. ಅವಳು ಬಸ್ಸಿಗೆ ಕಾಯುತ್ತಿದ್ದ ಹೊತ್ತಿನಲ್ಲೇ ಅವಳ ಲೆಕ್ಕ ಕೆಲಸಕ್ಕೆ ಹೋಗಿತ್ತು. ಅಷ್ಟರಲ್ಲಿ ಅಮ್ಮನ ಫೋನು.

"ಲೈನ್ ಸಿಕ್ತಾ?"

"ಸಿಕ್ತು ಅಮ್ಮ. ಎರಡೂ ಕಡೆಯವರು ಮಾತಾಡ್ತಿದ್ದಾರೆ."

"ಹಾಗಾದ್ರೆ ನೀನ್ಯಾಕೆ ಇನ್ನೂ ಅಲ್ಲೇ ನಿಂತಿದ್ದೀಯ?" ಎಂದಳು ಅಮ್ಮ. "ಆಪರೇಟರ್ ಮುಂದಿನ ಕರೆ ತಗೋಬೇಕು."

ಅವಳು ತಿರುಗಿ ನಲವತ್ತೆರಡು ಮೆಟ್ಟಿಲನ್ನೂ ಹತ್ತಿದಳು. ಪಂಪ್‌ಹೌಸಿನ ಕೆಲಸ ಕಾಯುತ್ತಿತ್ತು.