ಹಿತ್ತಿಲಿಗೆ ಬಂದ ಅಣಬೆ ಪುಡಿ

ಅಣಬೆ ತರಕಾರಿಯೋ ಮಾಂಸವೋ ಎಂಬುದು ನನಗೆ ಇನ್ನೂ ಗೊತ್ತಿಲ್ಲ. ಸಾರು ಇಳಿಸಿದ ಮೇಲೆ ಆ ಪ್ರಶ್ನೆ ನನ್ನನ್ನು ಕಾಡುವುದೂ ಇಲ್ಲ. ಅದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಅದರದೇ ಬೇರೆ ವಂಶ ಎನ್ನುತ್ತಾರೆ ಓದಿದವರು. ತಿಪಟೂರಿನ ಆಸುಪಾಸಿನ ನಮ್ಮಂಥ ಲಿಂಗವಂತರ ಮನೆಯಲ್ಲಿ ಹಿರಿಯರು ಪುಸ್ತಕವಿಲ್ಲದೆಯೇ ಇದನ್ನು ಇತ್ಯರ್ಥ ಮಾಡಿದ್ದರು: ತಿನ್ನುವವರು ತಿನ್ನಲಿ, ಅಡಿಗೆಮನೆಗೆ ಮಾತ್ರ ತರಕೂಡದು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಗರಿ ಉರಿಸಿ, ಅದಕ್ಕೆಂದೇ ಇಟ್ಟ ಮಡಕೆಯಲ್ಲಿ ಬೇಯಿಸಬೇಕು.

ನಮ್ಮ ಮನೆಯಲ್ಲಿ ಈ ಕಾನೂನಿಗೆ ಕಾವಲು ದೊಡ್ಡಮ್ಮ. ಪೂಜೆ ಮುಗಿಯದೆ ತೊಟ್ಟು ನೀರು ಮುಟ್ಟದ ಜೀವ. ಅಣಬೆಯನ್ನು ನಾಲಿಗೆಗೆ ಸೋಕಿಸಿದವಳಲ್ಲ. ಹೋದ ಬೇಸಿಗೆಯಲ್ಲಿ ಜ್ವರ ಬಂದು ಊಟ ಬಿಟ್ಟಾಗ ಮಗಳು ಗಿರಿಜ ಪೇಟೆಯಿಂದ ಏನೋ ಪುಡಿ ತಂದು ಹಾಲಿಗೆ ಬೆರೆಸಿ ಕೊಡತೊಡಗಿದಳು. 'ಶಕ್ತಿ ಪುಡಿ' ಎಂದಷ್ಟೇ ಹೇಳಿದ್ದಳು. ಜ್ವರ ಹೋಯಿತು, ಪುಡಿಯ ರುಚಿ ಉಳಿಯಿತು.

ಮುಂಗಾರಿನ ಗುಡುಗಿನ ಮರುದಿನ ತೋಟದ ಹುತ್ತದ ಬಳಿ ಅಣಬೆ ಎದ್ದವು. ಟವೆಲ್ ತುಂಬ ಕಿತ್ತು ತಂದು ಹಿತ್ತಿಲಲ್ಲಿ ಬೇಯಲಿಟ್ಟೆ. ಪ್ರತಿ ಸಲ ಮೂಗಿಗೆ ಸೆರಗು ಹಿಡಿದು ಒಳಗೆ ಹೋಗುವ ದೊಡ್ಡಮ್ಮ ಈ ಸಲ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ಲೇ, ನನ್ನ ಹಾಲೂ ಹಿಂಗೇ ಗಮ್ಮಂತದಲ್ಲ ಕಣ್ಲಾ?"

ನಾನು ಪಕ್ಕದಲ್ಲಿ ಗರಿ ಮುರಿದು ಕೊಡುತ್ತಿದ್ದ ಗಿರಿಜಳನ್ನು ನೋಡಿದೆ. ಅವಳು ಒಲೆಯನ್ನು ನೋಡಿದಳು.

"ಏನೇ ಅದು ಪುಡಿ?"

"ಕಾಡಣಬೆ ಸತ್ವ ಕಣಮ್ಮ. ಹೇಳಿದ್ರೆ ನೀನು ಕುಡೀತಿದ್ಯಾ? ಎದ್ದು ಓಡಾಡ್ಲಿ ಅಂತ ತಂದೆ."

ದೊಡ್ಡಮ್ಮ ಸರ್ರನೆ ಒಳಗೆ ಹೋದಳು. ಇನ್ನು ಮಗಳ ಕೈಯಿಂದ ನೀರನ್ನೂ ಮುಟ್ಟುವುದಿಲ್ಲವೇನೋ ಎಂದು ನನಗೆ ದಿಗಿಲಾಯಿತು. ಗಿರಿಜಳ ಕಣ್ಣು ತುಂಬಿತ್ತು. ಹೊಗೆಯಿಂದ ಎನ್ನೋಣವೆಂದರೆ ಗಾಳಿ ಆ ಕಡೆಗಿರಲಿಲ್ಲ. ದೊಡ್ಡಮ್ಮ ಎರಡೇ ಬೆರಳಲ್ಲಿ ಪುಡಿಯ ಡಬ್ಬಿ ಹಿಡಿದು ಬಂದು ಮೂರು ಕಲ್ಲಿನ ಪಕ್ಕಕ್ಕೆ ಕುಕ್ಕಿದಳು. ಆಮೇಲೆ ತನ್ನ ಹಾಲಿನ ಲೋಟವನ್ನೂ ತಂದಿಟ್ಟು, ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂತಳು. ಆ ರಾತ್ರಿ ಹಾಲು ಕುಡಿಯದೆಯೇ ಮಲಗಿದಳು.

ಮಾರನೆಯ ಸಂಜೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ದೊಡ್ಡಮ್ಮನ ಕೂಗು ಕೇಳಿಸಿತು.

"ಗಿರಿಜಾ, ಹಾಲು ತಗಂಬಾರೇ. ಇಲ್ಲಿಗೇ. ಡಬ್ಬಿ ಒಳಕ್ಕೆ ಬರದಿದ್ರೆ ಆಯ್ತು ಬುಡು."

ಗಿರಿಜ ಓಡಿಯೇ ಬಂದಳು. ಹಿರಿಯರು ಅಣಬೆಗೆ ಗೆರೆ ಎಳೆದದ್ದು ಹೊಸ್ತಿಲಲ್ಲಿ, ಬಾಯಲ್ಲಲ್ಲ ಎಂಬುದು ಆಗ ನನಗೆ ಹೊಳೆಯಿತು. ಉಳಿದ ಸಾರು ಬಿಸಿ ಮಾಡುತ್ತಿದ್ದವನಿಗೆ ಧೈರ್ಯ ಬಂತು.

"ಹಂಗಾದ್ರೆ ಒಂದು ಸೌಟು ಸಾರೂ ಹಾಕ್ಲಾ ದೊಡ್ಡಮ್ಮ?"

"ಥೂ, ನಾವು ಅಣಬೆ ತಿಂತೀವೇನ್ಲಾ!" ಎಂದು ದೊಡ್ಡಮ್ಮ ಲೋಟದ ತಳದಲ್ಲಿ ಉಳಿದ ಪುಡಿಯನ್ನು ಬೆರಳಿನಿಂದ ಬಳಿದು ನೆಕ್ಕಿದಳು.