ಹೆಡ್‌ಫೋನ್ ಅಕ್ಕನ ಹೇಸಿಗೆ

ಬೀದಿಯ ತಿರುವಿನಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಹೆಡ್‌ಫೋನ್ ಅಕ್ಕ ಅಂತಲೇ ಕರೆಯುತ್ತಿದ್ದರು. ದೂರದಲ್ಲಿದ್ದ ಗಂಡ, ಮಗಳು, ತಮ್ಮ ಅಂತ ಮುಖ ನೋಡಿ ಮಾತಾಡಲು ಜನ ಅವಳ ಕಂಪ್ಯೂಟರುಗಳ ಮುಂದೆ ಬಂದು ಕೂರುತ್ತಿದ್ದರು. ಒಬ್ಬರು ಎದ್ದು ಹೋದಮೇಲೆ ಹೆಡ್‌ಫೋನಿನ ಸ್ಪಂಜು ಒರೆಸುವುದು ಅವಳ ಪಾಲಿನ ಕರ್ಮ. ಬೆವರು, ತಲೆಯೆಣ್ಣೆ, ಕಿವಿಯ ಗುಗ್ಗೆ, ಮೈಕಿಗೆ ಸಿಡಿದ ಎಂಜಲು. ಮುಖ ಸಿಂಡರಿಸಿಕೊಂಡೇ ಒರೆಸುತ್ತಿದ್ದಳು. ಆದರೂ ಬರುವವರು ಮುಖ ತೊಳೆದು, ತಲೆ ಬಾಚಿ, ಇದ್ದುದರಲ್ಲಿ ಒಳ್ಳೇ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಅಷ್ಟನ್ನು ಅವಳೂ ಒಪ್ಪುತ್ತಿದ್ದಳು.

ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂದಮೇಲೆ ಆ ಕರೆಗಳೆಲ್ಲ ಅದರೊಳಗೇ ಹೊಕ್ಕವು. ಅಂಗಡಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸವಾಯಿತು. ಕಂಪ್ಯೂಟರುಗಳನ್ನು ಗುಜರಿಯವನಿಗೆ ಎತ್ತಿಕೊಟ್ಟು ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ‘ಹಾಳಾಗಿ ಹೋಗಲಿ, ಕಂಡವರ ಗುಗ್ಗೆ ಒರೆಸೋದು ತಪ್ಪಿತು’ ಅಂದುಕೊಂಡಳು.

ತಪ್ಪಿದ್ದೆಲ್ಲಿ? ಬಸ್ಸಿನಲ್ಲಿ ಪಕ್ಕದವನು ಹಲ್ಲು ಕೆದಕುತ್ತಾ ವಿಡಿಯೋ ಕರೆಯಲ್ಲಿ ಹೆಂಡತಿಯ ಜೊತೆ ಕೂಗಾಡುತ್ತಿದ್ದ. ಆಕೆಯ ಬೈಗುಳ ಬಸ್ಸಿಗೆಲ್ಲ ಕೇಳುತ್ತಿತ್ತು. ಅಕ್ಕನ ಸ್ವಂತ ಮೈದುನನೋ, ಕಕ್ಕಸಿನಲ್ಲಿ ಕೂತೇ ವಿಡಿಯೋ ಕರೆ ಮಾಡಿ “ಅತ್ತಿಗೆ, ಊಟ ಆಯ್ತಾ?” ಅನ್ನುತ್ತಿದ್ದ.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದಳು. ಅಷ್ಟರಲ್ಲಿ ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅಕ್ಕ ಕೆಲಸ ಮುಗಿಸಿ ವಾರ್ಡಿಗೆ ಹೋದರೆ, ನರ್ಸು ದೊಡ್ಡಮ್ಮನ ಬಟ್ಟೆ ಸರಿಸಿ ಮಲ ಒರೆಸುತ್ತಿದ್ದಳು. ಮಂಚದ ಕಾಲ್ದೆಸೆಯಲ್ಲಿ ದೊಡ್ಡಮ್ಮನ ಕಿರೀಸೊಸೆ ಫೋನು ಎತ್ತಿ ಹಿಡಿದು ನಿಂತಿದ್ದಳು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೊಳಗೆ ಬಂದು ಸೇರಬಹುದಾದ ಊರಲ್ಲಿದ್ದ ಹಿರೀಮಗ, ಬಾಯ್ತುಂಬ ಏನೋ ಜಗಿಯುತ್ತಾ, “ಸರಿಯಾಗಿ ಕಾಣ್ತಿಲ್ಲಮ್ಮ, ಇನ್ನೂ ಸ್ವಲ್ಪ ಹತ್ತಿರ ಹಿಡಿ” ಅನ್ನುತ್ತಿದ್ದ. ಅವನ ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ಆಮೇಲೆ ಮಾಡೀಮ್ಮಾ” ಅಂತ ನರ್ಸು ಗೊಣಗಿದರೂ ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬೇರೇನನ್ನೂ ಮುಚ್ಚಿಕೊಳ್ಳಲು ಅವಳ ಕೈಲಾಗುತ್ತಿರಲಿಲ್ಲ.

ಅಕ್ಕ ಫೋನು ಕಿತ್ತುಕೊಂಡು ಕರೆ ಕತ್ತರಿಸಿದಳು.

“ಏನಕ್ಕಾ ಇದು! ಹೆತ್ತ ತಾಯೀನ ನೋಡೋ ಹಕ್ಕೂ ಇಲ್ವಾ ಭಾವನಿಗೆ?”

“ಬಾಯಲ್ಲಿರೋದನ್ನ ನುಂಗಿ, ಬಸ್ಸು ಹತ್ತಿ ಬಂದು ನೋಡ್ಲಿ. ಥೂ! ನಿನ್ನನ್ನ ಹೀಗೆ ಮಲಗಿಸಿ ಊರಿಗೆಲ್ಲ ತೋರಿಸಿದ್ರೆ ಸುಮ್ನಿರ್ತಿದ್ಯೇನೇ?”

ನೆಂಟರಲ್ಲೆಲ್ಲ ಗುಲ್ಲೆದ್ದಿತು. ತಾಯಿ ಮಗನ ನಡುವೆ ಅಡ್ಡ ಬಂದವಳು ಅಂತ ಅಕ್ಕನಿಗೆ ಹೆಸರು ಬಂತು. ಹಿರೀಮಗ ಅವಳ ಜೊತೆ ಮಾತು ಬಿಟ್ಟ. ಪೀಡೆ ತೊಲಗಿತು ಅಂತ ಅವಳೂ ಸುಮ್ಮನಾದಳು.

ದೊಡ್ಡಮ್ಮ ಚೇತರಿಸಿಕೊಂಡು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದಳು. ಆದರೆ ಫೋನಿನಲ್ಲಿ ಮಗನ ಮುಖ ಕಂಡರೆ ಸಾಕು, ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದಳು. “ನೋಡೋದು ಬೇಡ, ಬರೀ ಮಾತಾಡು ಅಂತ ಹೇಳೇ ಅವನಿಗೆ” ಅಂತ ಒಂದು ದಿನ ಸೊಸೆಗೆ ಹೇಳಿದಳು.

ಸೊಸೆ ಹೇಳಿದಳು. ಬರೀ ಮಾತಿಗೆ ಅವನು ಫೋನೇ ಮಾಡಲಿಲ್ಲ.